ತಿರುಳ್ಗನ್ನಡದ ಸೀಮೆಯಲ್ಲಿ ಉಂಡದ್ದು, ಕುಡಿದದ್ದು, ಕಂಡದ್ದು

ಪ್ರವಾಸ ಹೊರಡುವವನು ಮೂರು ಪ್ರಶ್ನೆಗಳನ್ನು ಕೇಳುವುದು ವಾಡಿಕೆ: ಅಲ್ಲಿ ತಿನ್ನಲು ಏನುಂಟು, ಕುಡಿಯಲು ಏನುಂಟು, ನೋಡಲು ಏನುಂಟು? ಏಳು ಕಡಲಾಚೆಯ ಕೆರಿಬಿಯನ್ ದ್ವೀಪಗಳಿಗೆ ಹೋಗುವ ಸಿರಿವಂತರು ಕೇಳುವುದೂ ಇದನ್ನೇ. ಗದಗ-ಬೆಟಗೇರಿಯಲ್ಲಿ ಬಸ್ಸಿಳಿಯುವ ನಮ್ಮಂಥವರು ಕೇಳಬೇಕಾದುದೂ ಇದನ್ನೇ. ನಮ್ಮ ವಿದ್ಯಾರ್ಥಿಗಳು ಪುಲಿಗೆರೆಯ ಹೆಸರನ್ನು ಉತ್ತರಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರವೆಂದು ಬಲ್ಲವರೂ ಅಲ್ಲಿಗೆ ಹೋಗಿಬರುವುದು ಅಪರೂಪ. ಈಚೆಗೆ ರಜೆಯ ದಿನಗಳಲ್ಲಿ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಒಂದು ಸುತ್ತು ಹಾಕಿ ಬಂದೆ. ಮೂರು ಪ್ರಶ್ನೆಗಳಿಗೂ ದೊರೆತ ಉತ್ತರಗಳು ಸೇರಿ ಒಂದೇ ಮಾತನ್ನು ಹೇಳಿದುವು. ಅದನ್ನು ವಾಚಕರ ಮುಂದಿಡುವುದೇ ಈ ಬರೆಹದ ಉದ್ದೇಶ.

ಮೊದಲು ಊಟದ ಮಾತು. ಗದಗಿನ ಖಾನಾವಳಿಯೊಂದರಲ್ಲಿ ಎಲೆಯ ಮುಂದೆ ಕುಳಿತರೆ ತೆಳ್ಳನೆಯ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು, ಹಸಿಯ ಮೆಂತೆಸೊಪ್ಪು, ಉಳ್ಳಾಗಡ್ಡಿ ಒಂದೊಂದಾಗಿ ಬಂದು ಇಳಿಯುತ್ತವೆ. ರೊಟ್ಟಿ ಬಡಿಯುವ ಸದ್ದು ಒಳಗಿನಿಂದ ಕೇಳಿಸುತ್ತಲೇ ಇರುತ್ತದೆ. ಬಡಿಸುತ್ತಿದ್ದ ತಾಯಿ, “ಉಣ್ರಿ ಸರ, ನಾಚ್ಕೋಬ್ಯಾಡ್ರಿ. ಇನ್ನೊಂದು ಬಿಸಿರೊಟ್ಟಿ ಹಾಕ್ಲೇನ್ರಿ?” ಎಂದರು. “ಸಾಕ್ರೀ ಅವ್ವಾ” ಎನ್ನುವಷ್ಟರಲ್ಲಿ ರೊಟ್ಟಿ ಎಲೆಯ ಮೇಲಿತ್ತು. ಹಳಗನ್ನಡದ ‘ಉಣ್’ ಧಾತುವನ್ನು ನಾವು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಇಲ್ಲಿ ಅದು ಹಬೆಯಾಡುವ ರೊಟ್ಟಿಯೊಡನೆ ಬಡಿಸಲ್ಪಡುತ್ತದೆ.

ಸಂಜೆಯ ಹೊತ್ತಿಗೆ ಬೀದಿಯಲ್ಲಿ ಮಿರ್ಚಿ ಭಜಿ, ಗಿರಮಿಟ್ಟುಗಳ ಘಮ. ಹಸಿಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕುದಿಯುವ ಎಣ್ಣೆಗೆ ಬಿಡುತ್ತಾರೆ. ಮಂಡಕ್ಕಿಗೆ ಹುಣಿಸೆ, ಬೆಲ್ಲ, ಉಳ್ಳಾಗಡ್ಡಿಗಳ ಒಗ್ಗರಣೆಯನ್ನೂ ಪುಟಾಣಿಯ ಹಿಟ್ಟನ್ನೂ ಕಲಸಿ ಕೊಡುತ್ತಾರೆ. ಮೇಲೊಂದು ಬಟ್ಟಲು ಖಡಕ್ ಚಹಾ. ಇದಕ್ಕಿಂತ ದೇಶೀಯವಾದ ತಿನಿಸು ಬೇರೊಂದುಂಟೆ ಎಂದು ಯಾರೂ ಕೇಳಿಯಾರು. ಆದರೆ ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1492ರಲ್ಲಿ ಕರಿಮೆಣಸಿನ ನಾಡಾದ ಭಾರತವನ್ನು ಅರಸಿ ಹೊರಟ ಕೊಲಂಬಸನು ಮುಟ್ಟಿದ್ದು ಆ ಕೆರಿಬಿಯನ್ ದ್ವೀಪಗಳನ್ನು. ಕರಿಮೆಣಸಿಗೆ ಬದಲಾಗಿ ಅವನಿಗೆ ಅಲ್ಲಿ ದೊರೆತದ್ದು ಈ ಕೆಂಪು ಕಾಯಿ. ಶೇಂಗಾದ ತವರೂ ಆ ದಿಕ್ಕಿನದೇ, ದಕ್ಷಿಣ ಅಮೆರಿಕ. ಎರಡೂ ಹಡಗನ್ನೇರಿ ಬಂದು ನಮ್ಮ ಎರೆಭೂಮಿಗೆ ಇಳಿದುವು. ಜೋಳವು ಸಹಸ್ರಾರು ವರ್ಷಗಳ ಹಿಂದೆಯೇ ಆಫ್ರಿಕದಿಂದ ಬಂದದ್ದು. ಚಹಾದ ಹೆಸರು ಚೀನದ್ದು. ಬಂದವರನ್ನೆಲ್ಲ ಎಲೆಯಿಂದ ಎಬ್ಬಿಸಿ ಕಳುಹಿಸಿದರೆ ನಮಗೆ ಉಳಿಯುವುದು ಬದನೆಕಾಯಿ, ಅದೂ ಖಾರವಿಲ್ಲದ್ದು!

ಹೊರಗಿನದನ್ನು ಕನ್ನಡವು ಬರಮಾಡಿಕೊಂಡ ಬಗೆಯನ್ನು ನೋಡಬೇಕು. ಮೆಣಸು ನಮ್ಮ ಹಳೆಯ ಪದ, ಕರಿಮೆಣಸಿನ ಹೆಸರು. ಹೊಸದಾಗಿ ಬಂದ ಕಾಯಿ ಮೆಣಸಿನಂತೆಯೇ ಖಾರ. ಆದುದರಿಂದ ಅದು ‘ಮೆಣಸಿನಕಾಯಿ’. ಪರದೇಶಿಯ ಕೈಹಿಡಿದು ಮನೆತನದ ಹೆಸರನ್ನೇ ಅದಕ್ಕಿಟ್ಟು ಒಳಗೆ ಕರೆದುಕೊಂಡುಬಿಟ್ಟಿತು ನಮ್ಮ ಭಾಷೆ.

ಇನ್ನು ನೋಡುವ ಮಾತು. ಗದಗಿನ ವೀರನಾರಾಯಣ ದೇವಾಲಯದಲ್ಲಿ ಚಾಲುಕ್ಯ, ಹೊಯ್ಸಳ, ವಿಜಯನಗರ ಶೈಲಿಗಳು ಒಂದರ ಪಕ್ಕದಲ್ಲಿ ಒಂದು ನೆಲೆಸಿವೆ. ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ಬರೆದನೆಂದು ಜನ ತೋರಿಸುವ ಕಂಬವೂ ಅಲ್ಲಿಯೇ ಇದೆ. ಗದುಗಿನ ನಾರಣಪ್ಪನೆಂದು ನಾವು ಕರೆಯುವ ಆ ಕವಿಯೂ ಕೋಳಿವಾಡದಿಂದ ಇಲ್ಲಿಗೆ ಬಂದವನೇ.

ಅಲ್ಲಿಂದ ನೈಋತ್ಯಕ್ಕೆ ಲಕ್ಷ್ಮೇಶ್ವರ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ತನ್ನದು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟನು. ಆದರೆ ಅವನ ಹಿರಿಯರು ವೆಂಗಿನಾಡಿನವರು. ಅವನಿಗೆ ಆಶ್ರಯವಿತ್ತ ಅರಿಕೇಸರಿಯ ರಾಜಧಾನಿ ವೇಮುಲವಾಡವು ಇಂದು ತೆಲಂಗಾಣದಲ್ಲಿದೆ. ಅಷ್ಟು ದೂರದಲ್ಲಿದ್ದ ಕವಿಯೂ ತನ್ನದೆಂದು ಹೇಳಿಕೊಳ್ಳುವಷ್ಟು ಔದಾರ್ಯ ಈ ಊರಿನ ಭಾಷೆಗಿದ್ದಿತು.

ಊರಿನ ಕಲ್ಲುಗಳೂ ಇದಕ್ಕೆ ಸಾಕ್ಷಿ ನುಡಿಯುತ್ತವೆ. ಸೋಮೇಶ್ವರ ದೇವಾಲಯದಲ್ಲಿ ನಂದಿಯನ್ನೇರಿದ ಶಿವಪಾರ್ವತಿಯರ ವಿಗ್ರಹವುಂಟು. ಸೌರಾಷ್ಟ್ರದಿಂದ ಬಂದ ವರ್ತಕ ಆದಯ್ಯನು ಇಲ್ಲಿಯ ಜೈನ ಕನ್ಯೆ ಪದ್ಮಾವತಿಯನ್ನು ವರಿಸಿ, ಸೌರಾಷ್ಟ್ರದ ಸೋಮನಾಥನನ್ನೇ ಇಲ್ಲಿಗೆ ತಂದನೆಂಬುದು ಕಥೆ. ಹರಿಹರನು ಅದನ್ನು ರಗಳೆಯಾಗಿ ಹಾಡಿದ್ದಾನೆ. ಅದೇ ಊರಿನಲ್ಲಿ ಶಂಖಬಸದಿಯಿದೆ. ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ, 1617ರಲ್ಲಿ, ಅಂಕುಶಖಾನನು ಕಟ್ಟಿಸಿದ ಜುಮ್ಮಾ ಮಸೀದಿಯೂ ಇದೆ. ಮೂರನ್ನೂ ಒಂದೇ ಬೆಳಗಿನಲ್ಲಿ ನಡೆದು ನೋಡಬಹುದು.

ಲಕ್ಷ್ಮೇಶ್ವರದಿಂದ ಶಿರಹಟ್ಟಿ ಹತ್ತಿರ. ಅಲ್ಲಿಯ ಫಕೀರೇಶ್ವರ ಮಠದ ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಕೂಡಿದ್ದಾರೆ. ಮೂಲ ಗುರುಗಳು ಬಿಜಾಪುರದ ಸೂಫಿ ಸಂತ ಅಮೀನುದ್ದೀನರ ಅನುಗ್ರಹದಿಂದ ಜನಿಸಿದವರೆಂಬುದು ಪರಂಪರೆಯ ನಂಬಿಕೆ. ಅದೇ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋಗಬೇಕು. ಮಂಗೋಲಿಯ, ಟಿಬೆಟ್, ಲಡಾಖ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನೀರ ಮೇಲೆ ಸಾಲುಸಾಲಾಗಿ ತೇಲುತ್ತಿರುತ್ತವೆ. ಹೊತ್ತಿಳಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. 2024ರಲ್ಲಿ ಈ ಕೆರೆಯು ರಾಮ್‌ಸಾರ್ ಪಟ್ಟಿಯನ್ನು ಸೇರಿ ಜಗತ್ತಿನ ಗಣ್ಯ ಜಲನೆಲೆಗಳಲ್ಲಿ ಒಂದೆನಿಸಿತು. ರಾಮ್‌ಸಾರಿನ ಮಾತು ಕೇಳುವ ಮೊದಲೇ ಈ ಅತಿಥಿಗಳಿಗೆ ಇಲ್ಲಿಯ ಹೊಲದ ರುಚಿ ಗೊತ್ತಿದ್ದಿತು.

ಮೂಡಣಕ್ಕೆ ಕಪ್ಪತಗುಡ್ಡದ ಸಾಲನ್ನು ದಾಟಿದರೆ ಮುಂಡರಗಿಯ ಸೀಮೆ. ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದ ಈ ಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಯಿತು. ಬಿಸಿಲಿನಲ್ಲಿ ಅದನ್ನು ಸುತ್ತಿ ಬಂದವನಿಗೆ ಜೋಳದ ನುಚ್ಚು ಬೆರೆಸಿದ ತಣ್ಣನೆಯ ಮಜ್ಜಿಗೆ ದೊರೆತರೆ ಬೇರಾವ ಪಾನೀಯದ ಹಂಬಲವೂ ಉಳಿಯದು. ಇದೇ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ದೇವಾಲಯವು ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದಂತೆ ನಿಂತಿದೆ. ಅಂಥ ಶೈವಕ್ಷೇತ್ರದಲ್ಲಿಯೇ ವರ್ತಕರು ಬೌದ್ಧವಿಹಾರವನ್ನು ಕಟ್ಟಿಸಿದ್ದರು. ತಾರಾದೇವಿಯನ್ನು ಸ್ತುತಿಸುವ 1095ರ ಶಾಸನವು ಅದಕ್ಕೆ ದತ್ತಿ ಬಿಟ್ಟುದನ್ನು ಹೇಳುತ್ತದೆ. ತೆಂಕಲಲ್ಲಿ ಸಿಂಗಟಾಲೂರಿನ ವೀರಭದ್ರನ ಗುಡ್ಡವನ್ನೇರಿ ನಿಂತರೆ ತುಂಗಭದ್ರೆ ಕಣ್ತುಂಬುತ್ತಾಳೆ. ಅವಳಾದರೂ ಎರಡು ಹೊಳೆಗಳು ಕೂಡಿ ಒಂದಾದವಳಲ್ಲವೆ?

ಭಾಷೆಯಲ್ಲಿ, ಉಡುಗೆಯಲ್ಲಿ, ಊಟದಲ್ಲಿ ಇದು ನಮ್ಮದು, ಅದು ಹೊರಗಿನದು ಎಂದು ಗೆರೆ ಕೊರೆಯುವ ಹುರುಪು ಇಂದು ಬಲವಾಗುತ್ತಿದೆ. ‘ತಿರುಳು’ ಎಂದೊಡನೆ ನಮ್ಮ ಹುಡುಗರು ಸಿಪ್ಪೆ ಸುಲಿದು ಉಳಿದದ್ದೆಂದು, ಕಲಬೆರಕೆಯಿಲ್ಲದ ಶುದ್ಧವಸ್ತುವೆಂದು ಅರ್ಥ ಮಾಡುತ್ತಾರೆ. ತಿರುಳಿಗೆ ಇನ್ನೊಂದು ಗುಣವುಂಟು: ನೀರನ್ನೂ ಬಿಸಿಲನ್ನೂ ಹೊರಗಿನಿಂದ ಹೀರಿಯೇ ಅದು ತುಂಬಿಕೊಳ್ಳುವುದು. ವೆಂಗಿಯ ಮನೆತನದ ಕವಿಯನ್ನು ಆದಿಕವಿಯಾಗಿಸಿದ ನೆಲ, ಸೌರಾಷ್ಟ್ರದ ದೇವರನ್ನು ಊರದೇವರಾಗಿಸಿದ ನೆಲ, ಕಡಲಾಚೆಯ ಕಾಯಿಗೆ ಮೆಣಸಿನ ಹೆಸರಿಟ್ಟ ಭಾಷೆ ಕೃಶವಾಗಲಿಲ್ಲ, ಪುಷ್ಟವಾಯಿತು.

ಪುಲಿಗೆರೆಯ ಮೇಲೆ ಟಿಪ್ಪಣಿ ಬರೆಯುವ ವಿದ್ಯಾರ್ಥಿಗಳು ಪರೀಕ್ಷೆಗೆ ಮುನ್ನ ಒಂದು ದಿನ ಲಕ್ಷ್ಮೇಶ್ವರದ ಬಸ್ಸನ್ನು ಹತ್ತಲಿ. ದೇಗುಲ, ಬಸದಿ, ಮಸೀದಿಗಳನ್ನು ನೋಡಿ, ಪೇಟೆಯಲ್ಲಿ ಬಿಸಿ ಮಿರ್ಚಿಯನ್ನು ತಿಂದು, ಅಲ್ಲಿಯ ಜನ ಆಡುವ ಮಾತಿಗೆ ಕಿವಿಗೊಡಲಿ. ಕಣ್ಣಲ್ಲಿ ನೀರು ಬಂದರೆ ಅಂಜಬೇಕಾದುದಿಲ್ಲ. ಒಂದು ಬಟ್ಟಲು ಮಜ್ಜಿಗೆ ಅಲ್ಲಿಯೇ ಸಿಕ್ಕುತ್ತದೆ.