ಫ್ಲೋರೈಡ್ ತೆಗೆದರಾಯಿತೆ? ತೆಗೆದದ್ದು ಹೋಗುವುದೆಲ್ಲಿಗೆ?

ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ. ಆಂಧ್ರದ ನಕ್ಷೆಯಲ್ಲಿದ್ದರೂ ಕನ್ನಡದ ಮಾತು ಬಿಡದ ಸೀಮೆ ಇದು. 2022ರಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿ ದಾಟಿದರೆ ನಮ್ಮ ಪಾವಗಡ, ಶಿರಾ. ಸರ್ಕಾರ ಎರಡಾದರೂ ನೆಲದಡಿಯ ಕಲ್ಲು ಒಂದೇ ಬಗೆಯದು. ಆ ಕಲ್ಲಿನಿಂದ ಕರಗಿ ಕೊಳವೆಬಾವಿಗೆ ಬರುವ ಫ್ಲೋರೈಡ್ ಎರಡೂ ಕಡೆಯ ಮಕ್ಕಳ ಹಲ್ಲಿಗೆ ಕಂದು ಗೆರೆ ಎಳೆಯುತ್ತದೆ.

ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇದ್ದರೆ ಚಿಂತೆಯಿಲ್ಲ. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಕೀಲು, ಬೆನ್ನು. ಒಮ್ಮೆ ಸೆಟೆದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ನೀರು ಬದಲಾಯಿಸುವುದೇ ಮದ್ದು.

‘ಕಾಸಿ ಕುಡಿದರೆ ಆಯ್ತು ಬಿಡಪ್ಪ’ ಎನ್ನುವ ಮಾತು ಇಲ್ಲಿ ನಡೆಯದು. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಫ್ಲೋರೈಡ್ ಅಲ್ಲ; ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರೂ ತಡೆಯದು. ನಾನ್‌ಸ್ಟಿಕ್ ಬಾಣಲೆ ಮುಂತಾದವಕ್ಕೆ ಬಳಸುವ, ಕಾರ್ಖಾನೆಯಲ್ಲಿ ತಯಾರಾದ ಫ್ಲೋರಿನ್ ರಾಸಾಯನಿಕಗಳ ಸುದ್ದಿ ಈಗ ಎಲ್ಲೆಡೆ ಇದೆ. ಅವುಗಳಲ್ಲಿ ಹಲವನ್ನು ಇದ್ದಲಿನ ಫಿಲ್ಟರು ಹಿಡಿಯುತ್ತದೆ. ಆದರೆ ನಮ್ಮ ಬೋರಿನ ಫ್ಲೋರೈಡಿಗೆ ಮಾಮೂಲಿ ಇದ್ದಲು ಜಗ್ಗುವುದಿಲ್ಲ. ಹೆಸರು ಹತ್ತಿರವಾದರೂ ಜಾತಿ ಬೇರೆ.

ಹಾಗಾದರೆ ಮಾಡುವುದೇನು? ನಾಗಪುರದ ‘ನೀರಿ’ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನ ಅಗ್ಗದ್ದು. ನೀರಿಗೆ ಸುಣ್ಣ ಹಾಗೂ ಆಲಮ್ ಬೆರೆಸಿ, ಕದಡಿ, ಗಂಟೆ ಹೊತ್ತು ಬಿಟ್ಟರೆ ಫ್ಲೋರೈಡ್ ಗಸಿಯ ಜತೆ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಬಸಿದುಕೊಳ್ಳಬೇಕು. ಎಷ್ಟು ಆಲಮ್ ಎಂಬುದನ್ನು ನೀರಿನ ಪರೀಕ್ಷೆಯೇ ಹೇಳಬೇಕು. ಅಂದಾಜಿಗೆ ಸುರಿದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿದೀತು. ಎರಡನೆಯದು ಆಕ್ಟಿವೇಟೆಡ್ ಅಲ್ಯುಮಿನಾ ಎಂಬ ಕಾಳು. ಫ್ಲೋರೈಡನ್ನು ಚೆನ್ನಾಗಿ ಹೀರುತ್ತದೆ, ಆದರೆ ಹೊಟ್ಟೆ ತುಂಬಿದ ಮೇಲೆ ಹೀರುವುದಿಲ್ಲ. ಆಗ ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆಸಿಡ್‌ನಿಂದ ಹದಕ್ಕೆ ತಂದು ಮತ್ತೆ ಬಳಸಬೇಕು. ಮೂರನೆಯದು ಊರೂರಿಗೆ ಬಂದಿರುವ, ಕಾಸು ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಆರ್‌ಒ ಘಟಕ.

ಮೂರರಲ್ಲೂ ಫ್ಲೋರೈಡ್ ಮಾಯವಾಗುವುದಿಲ್ಲ, ಜಾಗ ಬದಲಾಯಿಸುತ್ತದೆ ಅಷ್ಟೇ. ಆಲಮ್ಮಿನ ಗಸಿ, ಅಲ್ಯುಮಿನಾ ತೊಳೆದ ನೀರು, ಆರ್‌ಒ ಹೊರಬಿಡುವ ಗಡುಸು ನೀರು ಎಲ್ಲಿಗೆ ಹೋಗುತ್ತವೆ? ಘಟಕದ ಹಿಂದಿನ ಚರಂಡಿಗೋ, ಹಳ್ಳಕ್ಕೋ ಬಿಟ್ಟರೆ ಮರಳಿ ನಮ್ಮದೇ ನೆಲಕ್ಕೆ ಇಂಗೀತು. ಅಂಥ ನೀರಿಗೆ ಬೇರೆ ತೊಟ್ಟಿ, ಗಸಿಗೆ ಬೇರೆ ಗುಂಡಿ ಬೇಕು.

ಆಳದ ನೀರನ್ನು ಕುಡಿಯಲು ಬಳಸದಿರುವುದೇ ಗಟ್ಟಿ ಪರಿಹಾರ. 1990ರ ದಶಕದ ನಡುವೆ ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟ್ ಅನಂತಪುರ ಜಿಲ್ಲೆಯ 700ಕ್ಕೂ ಹೆಚ್ಚು ಹಳ್ಳಿಗಳಿಗೆ ಕುಡಿಯುವ ನೀರಿನ ಯೋಜನೆ ಮಾಡಿತು. ದೂರದ ಜಲಾಶಯದ ನೀರನ್ನೂ ಕೊಳವೆಯಲ್ಲಿ ತಂದಿತು. ಸೂರಿನ ಮಳೆನೀರು ಹಿಡಿದಿಟ್ಟರೂ ಅಡುಗೆಗೆ, ಕುಡಿಯಲು ಆದೀತು. ಮಳೆನೀರಿಗೆ ಕಲ್ಲಿನ ಸಂಗವೇ ಇಲ್ಲವಲ್ಲ.

ಅಲ್ಲಿಯವರೆಗೆ ಘಟಕವೇ ಗತಿ ಎನ್ನುವ ಊರಿನವರು ಮೂರು ಪ್ರಶ್ನೆ ಕೇಳಲಿ: ನೀರು ಪರೀಕ್ಷೆ ಆದದ್ದು ಯಾವಾಗ? ಕಾಳು ತೊಳೆದದ್ದು, ಪೊರೆ ಬದಲಾಯಿಸಿದ್ದು ಯಾವಾಗ? ಹೊಲಸು ನೀರು ಹೋಗುವುದೆಲ್ಲಿಗೆ? ಉತ್ತರವನ್ನು ಘಟಕದ ಬಾಗಿಲಲ್ಲೇ ಬರೆದು ಹಾಕಲಿ, ತೆಲುಗಿನ ಜತೆ ಕನ್ನಡದಲ್ಲೂ. ಕೊಡ ಹೊತ್ತು ಸಾಲಿನಲ್ಲಿ ನಿಲ್ಲುವ ತಾಯಿಗೆ ಓದಲು ಬರುವ ಅಕ್ಷರದಲ್ಲಿ ಅದು ಇರಬೇಡವೆ?