ನೆಟ್‌ವರ್ಕ್ ಸ್ಟ್ಯಾಕ್: ಲಿನಕ್ಸ್‌ನಲ್ಲಿ ಅಳವಡಿಕೆ ಮತ್ತು ಪರೀಕ್ಷೆ

ಕಂಪ್ಯೂಟರುಗಳ ನಡುವೆ ಮಾಹಿತಿ ಓಡಾಡುವಂತೆ ಮಾಡುವ ತಂತ್ರಾಂಶಗಳಿಗೆ ಒಟ್ಟಾಗಿ ನೆಟ್‌ವರ್ಕ್ ಸ್ಟ್ಯಾಕ್ ಎನ್ನುತ್ತಾರೆ. ಇದು ಪದರಪದರವಾಗಿರುತ್ತದೆ. ತಳದಲ್ಲಿ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್, ಅದರ ಮೇಲೆ ಈಥರ್ನೆಟ್ ಇಲ್ಲವೆ ವೈಫೈ, ಅದರ ಮೇಲೆ ವಿಳಾಸವನ್ನೂ ದಾರಿಯನ್ನೂ ನೋಡಿಕೊಳ್ಳುವ ಐಪಿ, ಅದಕ್ಕೂ ಮೇಲೆ ಮಾಹಿತಿ ಸೋರದೆ ಸರದಿ ತಪ್ಪದೆ ಮುಟ್ಟುವಂತೆ ಮಾಡುವ ಟಿಸಿಪಿ, ಕೊನೆಗೆ ಬ್ರೌಸರ್, ಇಮೇಲ್‌ಗಳಂಥ ಅಪ್ಲಿಕೇಶನ್‌ಗಳು. ಪ್ರತಿ ಪದರವೂ ತನ್ನ ಕೆಳಗಿನ ಪದರವನ್ನು ನೆಚ್ಚಿಕೊಂಡಿರುವುದರಿಂದ ಅಳವಡಿಕೆಯೂ ಪರೀಕ್ಷೆಯೂ ಕೆಳಗಿನಿಂದ ಮೇಲಕ್ಕೆ ಸಾಗಬೇಕು.

ಐಪಿ ಮತ್ತು ಟಿಸಿಪಿಯ ನಿಯಮಗಳು 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದವು. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಜಾಲ ಪೂರ್ತಿಯಾಗಿ ಇವುಗಳಿಗೆ ಬದಲಾಯಿತು. ಅದೇ ವರ್ಷ ಬರ್ಕ್ಲಿ ವಿಶ್ವವಿದ್ಯಾಲಯದ 4.2 ಬಿಎಸ್‌ಡಿ ಯೂನಿಕ್ಸ್ ಈ ಸ್ಟ್ಯಾಕನ್ನು ಒಳಗೊಂಡು ಹೊರಬಂತು. ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್‌ಗೆ ಮೊದಲು ನೆಟ್‌ವರ್ಕ್ ಇರಲಿಲ್ಲ. 1992ರಲ್ಲಿ ರಾಸ್ ಬೈರೊ ಮೊದಲ ಟಿಸಿಪಿ/ಐಪಿ ಸ್ಟ್ಯಾಕ್ ಬರೆದರು; ಫ್ರೆಡ್ ವಾನ್ ಕೆಂಪೆನ್, ಅಲನ್ ಕಾಕ್ಸ್ ಅದನ್ನು ತಿದ್ದಿ ಬೆಳೆಸಿದರು. 1994ರ ಮಾರ್ಚ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ನೆಟ್‌ವರ್ಕ್ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಭಾಗವೇ ಆಗಿತ್ತು. ಮೂಲ ಸಂಕೇತ ತೆರೆದಿರುವುದರಿಂದ ಯಾವ ಪದರದಲ್ಲಿ ಏನು ನಡೆಯುತ್ತಿದೆ ಎಂದು ಯಾರು ಬೇಕಾದರೂ ನೋಡಬಹುದು.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಂಥ ತಾಲ್ಲೂಕುಗಳಲ್ಲಿ ಈ ಪದರಗಳ ತಳಕ್ಕೆ ಫೈಬರ್ ಕೇಬಲ್ ಬಂದಿದೆ. 2011ರಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಮುಂದೆ ಭಾರತ್‌ನೆಟ್ ಎಂದು ಹೆಸರಾಯಿತು. ಅದರ ವಿನ್ಯಾಸದಂತೆ ತಾಲ್ಲೂಕು ಕೇಂದ್ರದ ದೂರವಾಣಿ ವಿನಿಮಯ ಕೇಂದ್ರದಿಂದ ಹೊರಟ ಬೆಳಕಿನ ಸಂಕೇತ ಗ್ರಾಮ ಪಂಚಾಯಿತಿಯಲ್ಲಿರುವ ಪೆಟ್ಟಿಗೆಯನ್ನು ಮುಟ್ಟಿ ಅಲ್ಲಿ ವಿದ್ಯುತ್ ಸಂಕೇತವಾಗುತ್ತದೆ. ಅಲ್ಲಿಂದ ಆಚೆಗಿನದು ಕಂಪ್ಯೂಟರಿನ ಸ್ಟ್ಯಾಕ್‌ನ ಕೆಲಸ.

ಡೆಬಿಯನ್, ಉಬುಂಟು ಅಥವಾ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಹಾಕುವಾಗ ಸ್ಟ್ಯಾಕ್‌ನ ಬಹುಭಾಗ ಕರ್ನೆಲ್ ಜೊತೆಗೇ ಬರುತ್ತದೆ. ಪ್ರತ್ಯೇಕವಾಗಿ ಗಮನ ಕೊಡಬೇಕಾದ್ದು ಮೂರಕ್ಕೆ. ಮೊದಲನೆಯದು ಕಾರ್ಡಿಗೆ ಹೊಂದುವ ಡ್ರೈವರ್ ಮತ್ತು ಫರ್ಮ್‌ವೇರ್. ಹಲವು ವೈಫೈ ಕಾರ್ಡುಗಳ ಫರ್ಮ್‌ವೇರ್ ಮುಕ್ತವಲ್ಲದ್ದರಿಂದ ಡೆಬಿಯನ್‌ನಲ್ಲಿ ಅದನ್ನು ಬೇರೆಯಾಗಿ ತಂದು ಹಾಕಬೇಕಿತ್ತು. 2023ರ 12ನೇ ಆವೃತ್ತಿಯಿಂದ ಅದು ಅಳವಡಿಕೆಯ ಪ್ರತಿಯಲ್ಲೇ ಸೇರಿದೆ. ಎರಡನೆಯದು ಐಪಿ ವಿಳಾಸ: ರೌಟರ್ ತಾನೇ ಹಂಚುವ ಡಿಎಚ್‌ಸಿಪಿ ಸಾಕೋ, ಕೈಯಿಂದ ಬರೆದ ಸ್ಥಿರ ವಿಳಾಸ ಬೇಕೋ ಎಂಬುದು. ಮೂರನೆಯದು ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್.

ಪರೀಕ್ಷೆ ತಂತಿಯಿಂದ ಶುರುವಾಗುತ್ತದೆ. ಈಥ್‌ಟೂಲ್ ಎಂಬ ಆದೇಶ ಲಿಂಕ್‌ನ ವೇಗ ತೋರಿಸುತ್ತದೆ. ಗಿಗಾಬಿಟ್ ಕಾರ್ಡು 100 ಮೆಗಾಬಿಟ್ ಎಂದು ತೋರಿಸುತ್ತಿದ್ದರೆ ಮೊದಲು ಕೇಬಲ್ ಪರೀಕ್ಷಿಸಬೇಕು. ಗಿಗಾಬಿಟ್‌ಗೆ ನಾಲ್ಕು ಜೋಡಿ ತಂತಿಗಳೂ ಬೇಕು, 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಒಂದು ಜೋಡಿ ಕಡಿದಿದ್ದರೆ ಹಲವು ಕಾರ್ಡುಗಳು ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿಯುತ್ತವೆ.

ಮುಂದಿನ ಸಾಧನ ಪಿಂಗ್. ಮೈಕ್ ಮೂಸ್ 1983ರಲ್ಲಿ ಬರೆದ ಈ ಪುಟ್ಟ ಪ್ರೋಗ್ರಾಂ ಒಂದು ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ಸಣ್ಣ ಕಟ್ಟು, ಕಳಿಸಿ ಉತ್ತರಕ್ಕೆ ಕಾಯುತ್ತದೆ. ಮೊದಲು 127.0.0.1ಕ್ಕೆ ಪಿಂಗ್ ಮಾಡಬೇಕು. ಇದು ಯಂತ್ರದಿಂದ ಹೊರಗೆ ಹೋಗುವುದೇ ಇಲ್ಲ, ಉತ್ತರ ಬಂದರೆ ಸ್ಟ್ಯಾಕ್‌ನ ಐಪಿ ಪದರ ನೆಟ್ಟಗಿದೆ ಎಂದರ್ಥ. ಆಮೇಲೆ ರೌಟರ್‌ಗೆ, ಆಮೇಲೆ ಹೊರಗಿನ ಒಂದು ಐಪಿ ವಿಳಾಸಕ್ಕೆ, ಕೊನೆಗೆ ಒಂದು ಜಾಲತಾಣದ ಹೆಸರಿಗೆ. ವಿಳಾಸಕ್ಕೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷ ಹೆಚ್ಚಾಗಿ ಡಿಎನ್‌ಎಸ್‌ನದು. ಪಿಂಗ್ ತೋರಿಸುವ ಸಮಯಕ್ಕೂ ಒಂದು ಕೆಳಮಿತಿಯಿದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಶಿಗ್ಗಾವಿಯಿಂದ ಬೆಂಗಳೂರಿಗೆ ಹೆದ್ದಾರಿಗುಂಟ 350 ಕಿ.ಮೀ. ಕೇಬಲ್ ಎಂದಿಟ್ಟುಕೊಂಡರೂ ಹೋಗಿಬರಲು 3.5 ಮಿಲಿಸೆಕೆಂಡ್ ಬೇಕೇ ಬೇಕು. ಎಂಥ ಸ್ಟ್ಯಾಕ್ ಹಾಕಿದರೂ ಅದಕ್ಕಿಂತ ಇಳಿಯದು.

ಪಿಂಗ್ ಸರಿಯಿದ್ದೂ ಪುಟ ತೆರೆಯದ ಪ್ರಸಂಗಗಳುಂಟು. ಬಾಪೂಜಿ ಸೇವಾ ಕೇಂದ್ರದಲ್ಲಿ ಪಹಣಿ ತೆಗೆಯಲು ಕೂತಾಗ ಪುಟ ಅರ್ಧಕ್ಕೆ ನಿಂತರೆ ಪ್ಯಾಕೆಟ್‌ನ ಗಾತ್ರವನ್ನೂ ಸಂಶಯಿಸಬೇಕು. ಈಥರ್ನೆಟ್ ಒಂದು ಬಾರಿಗೆ 1500 ಬೈಟ್ ಹೊರುತ್ತದೆ. ಪಿಪಿಪಿಒಇ ಎಂಬ ವಿಧಾನ ಬಳಸುವ ಫೈಬರ್ ಸಂಪರ್ಕದಲ್ಲಿ ಅದರಲ್ಲಿ 8 ಬೈಟ್ ಹೋಗಿ 1492 ಉಳಿಯುತ್ತದೆ. ನಡುವಿನ ಯಾವುದೋ ಫೈರ್‌ವಾಲ್ ‘ಪ್ಯಾಕೆಟ್ ದೊಡ್ಡದಾಯಿತು’ ಎಂಬ ಸೂಚನೆಯನ್ನು ತಡೆದರೆ ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ಮಾಯವಾಗುತ್ತವೆ. ಪ್ಯಾಕೆಟ್ ಒಡೆಯಬಾರದೆಂದು ವಿಧಿಸಿ 1472 ಬೈಟ್‌ನ ಪಿಂಗ್ ಕಳಿಸಬೇಕು. ಅದು ಹೋಗದೆ 1464 ಹೋದರೆ ಮಿತಿ ಬಹುಮಟ್ಟಿಗೆ 1492 ಎಂದೇ ತಿಳಿಯಬಹುದು. ಎರಡಕ್ಕೂ 28 ಬೈಟ್ ಶಿರೋಲೇಖ ಸೇರುತ್ತದೆ.

ಟಿಸಿಪಿಯ ವೇಗ ಅಳೆಯಲು ಐಪರ್ಫ್3 ಇದೆ. ಗಿಗಾಬಿಟ್ ತಂತಿಯಲ್ಲಿ ಅದು 940 ಮೆಗಾಬಿಟ್ ತೋರಿಸಿದರೆ ಕೊರತೆಯೇನೂ ಇಲ್ಲ. ತಂತಿಯ ಮೇಲೆ ಪೂರ್ಣ ಗಾತ್ರದ ಪ್ರತಿ ಪ್ಯಾಕೆಟ್ 1538 ಬೈಟ್‌ನ ಜಾಗ ಹಿಡಿಯುತ್ತದೆ; ಅದರಲ್ಲಿ ನಿಜವಾದ ಮಾಹಿತಿ 1448. ಉಳಿದದ್ದು ಪದರಗಳ ಖರ್ಚು.

ಹೊಸ ವ್ಯವಸ್ಥೆಯನ್ನು ನೇರವಾಗಿ ಊರಿನ ಜಾಲದ ಮೇಲೆ ಪರೀಕ್ಷಿಸುವ ಅಗತ್ಯವಿಲ್ಲ. ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್ ಸೌಲಭ್ಯದಿಂದ ಒಂದೇ ಯಂತ್ರದೊಳಗೆ ಹಲವು ಪ್ರತ್ಯೇಕ ಸ್ಟ್ಯಾಕ್‌ಗಳನ್ನು ಹುಟ್ಟಿಸಬಹುದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ನಾಲ್ಕು ನೇಮ್‌ಸ್ಪೇಸ್ ಮಾಡಿ, ನಡುವೆ ಹಾವೇರಿ ಎಂಬ ಐದನೆಯದನ್ನು ರೌಟರ್ ಆಗಿಟ್ಟು, ಕಾಲ್ಪನಿಕ ಕೇಬಲ್‌ಗಳಿಂದ ಜೋಡಿಸಿದರೆ ಜಿಲ್ಲೆಯ ಮಾದರಿ ಸಿದ್ಧ. ಹಾನಗಲ್‌ಗೆ 10.0.1.2, ಶಿಗ್ಗಾವಿಗೆ 10.0.2.2, ಹೀಗೆ ವಿಳಾಸ ಕೊಡುತ್ತ ಹೋಗಬೇಕು. ನಾಲ್ಕಕ್ಕೂ ಹಾವೇರಿಯೇ ಗೇಟ್‌ವೇ, ಅಂದರೆ ಹೊರಹೋಗುವ ಬಾಗಿಲು. ಹೊಸ ನೇಮ್‌ಸ್ಪೇಸ್‌ನಲ್ಲಿ 127.0.0.1 ಕೂಡ ನಿಷ್ಕ್ರಿಯವಾಗಿರುತ್ತದೆ. ಅದನ್ನು ಚಾಲೂ ಮಾಡಬೇಕು. ಹಾನಗಲ್‌ನಿಂದ ಹಾವೇರಿಗೆ ಪಿಂಗ್ ಮುಟ್ಟಿ ಸವಣೂರಿಗೆ ಮುಟ್ಟದಿದ್ದರೆ ಹಾವೇರಿಯಲ್ಲಿ ಐಪಿ ಫಾರ್ವರ್ಡಿಂಗ್, ಅಂದರೆ ಬಂದ ಪ್ಯಾಕೆಟ್ಟನ್ನು ಮುಂದಕ್ಕೆ ಸಾಗಿಸುವ ಸೌಲಭ್ಯ, ಮುಚ್ಚಿದೆ ಎಂದು ತಿಳಿಯಬೇಕು. ಲಿನಕ್ಸ್‌ನಲ್ಲಿ ಅದು ಮೊದಲಿಗೆ ಮುಚ್ಚಿಯೇ ಇರುತ್ತದೆ.

ಈ ಮಾದರಿಯಲ್ಲಿ ಕೆಟ್ಟ ದಿನಗಳನ್ನೂ ಬೇಕೆಂದೇ ತರಬಹುದು. ನೆಟ್‌ಎಮ್ ಎಂಬ ಸಾಧನದಿಂದ ಹಿರೇಕೆರೂರಿನ ಕೇಬಲ್‌ಗೆ 50 ಮಿಲಿಸೆಕೆಂಡ್ ವಿಳಂಬ, ನೂರಕ್ಕೊಂದು ಪ್ಯಾಕೆಟ್ ನಷ್ಟ ಹಾಕಿದರೆ ಟಿಸಿಪಿಯ ವೇಗ ಗಿಗಾಬಿಟ್‌ನಿಂದ ಕೆಲವೇ ಮೆಗಾಬಿಟ್‌ಗೆ ಕುಸಿಯುತ್ತದೆ. ಪ್ಯಾಕೆಟ್ ಕಳೆದರೆ ದಾರಿಯಲ್ಲಿ ದಟ್ಟಣೆಯಿದೆ ಎಂದು ಬಗೆದು ಟಿಸಿಪಿ ತಾನೇ ವೇಗ ತಗ್ಗಿಸುತ್ತದೆ. ಈ ಎಚ್ಚರಿಕೆ 1986ರ ಪಾಠ. ಆ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ, ನಾನೂರು ಗಜದ ಅಂತರದಲ್ಲಿ, ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಇಳಿದಿತ್ತು. ಅದಕ್ಕೆ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ದಟ್ಟಣೆ ನಿಯಂತ್ರಣದ ತಂತ್ರಗಳು ಇಂದಿಗೂ ಟಿಸಿಪಿಯ ಬುನಾದಿ.

ಪರೀಕ್ಷೆ ಮುಗಿದ ಮೇಲೆ ಲಿಂಕ್‌ನ ವೇಗ, ಪಿಂಗ್‌ನ ಸಮಯ, ಪ್ಯಾಕೆಟ್‌ನ ಗರಿಷ್ಠ ಗಾತ್ರ, ಐಪರ್ಫ್3ರ ಫಲಿತಾಂಶ, ಈ ನಾಲ್ಕನ್ನು ದಿನಾಂಕ ಸಮೇತ ಬರೆದಿಡಬೇಕು. ಮುಂದೆ ಜಾಲ ಕೈಕೊಟ್ಟಾಗ ಯಾವ ಅಂಕಿ ಬದಲಾಗಿದೆ ಎಂದು ನೋಡಿದರೆ ಯಾವ ಪದರದಿಂದ ಹುಡುಕಾಟ ಶುರುಮಾಡಬೇಕು ಎಂಬುದು ತಿಳಿಯುತ್ತದೆ.