ಮಗು ಎಷ್ಟು ಕೆ.ಜಿ. ಇದೆ?

ರಾತ್ರಿ ಒಂಬತ್ತೂವರೆ. ಮೆಡಿಕಲ್ ಶಾಪಿನವರು ಆಗಲೇ ಅರ್ಧ ಷಟರ್ ಎಳೆದಿದ್ದಾರೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ ತಾಯಿ, ‘ಅಣ್ಣಾ, ಪಾಪುಗೆ ಎರಡು ದಿನದಿಂದ ಮೂಗು ಕಟ್ಟಿದೆ, ರಾತ್ರಿಯೆಲ್ಲ ಕೆಮ್ಮು. ಯಾವುದಾದ್ರೂ ಒಳ್ಳೇ ಸಿರಪ್ ಕೊಡಿ’ ಎನ್ನುತ್ತಾರೆ. ‘ಎಷ್ಟು ವರ್ಷ ಅಕ್ಕಾ?’ ‘ಒಂದೂವರೆ.’ ಬಾಟಲಿ ಕೌಂಟರಿಗೆ ಬರುತ್ತದೆ. ‘ಮೂರು ಹೊತ್ತು, ಅರ್ಧರ್ಧ ಮುಚ್ಚಳ.’ ಅಷ್ಟೇ.

ನಮ್ಮ ಊರುಗಳಲ್ಲಿ ದಿನವೂ ನಡೆಯುವ ಈ ಮಾತುಕತೆಯಲ್ಲಿ ಎರಡು ಪ್ರಶ್ನೆಗಳು ಬರುವುದೇ ಇಲ್ಲ. ಮಗು ಎಷ್ಟು ಕೆ.ಜಿ. ಇದೆ? ಈ ಬಾಟಲಿಯೊಳಗೆ ಏನೇನಿದೆ?

ನಾನೂ ಕೇಳಿದವಳಲ್ಲ. ಮಗಳಿಗೆ ಎರಡು ವರ್ಷವಿದ್ದಾಗ ಜ್ವರಕ್ಕೊಂದು, ಶೀತಕ್ಕೊಂದು ಎಂದು ಎರಡು ಸಿರಪ್ ತಂದು ಒಂದಾದ ಮೇಲೊಂದು ಕುಡಿಸಿದ್ದೆ. ಮರುದಿನ ಮಕ್ಕಳ ಡಾಕ್ಟರು ಎರಡೂ ಬಾಟಲಿ ತಿರುಗಿಸಿ, ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟರು. ಎರಡರಲ್ಲೂ ಪ್ಯಾರಾಸಿಟಮಾಲ್ ಇತ್ತು. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಮದ್ದು ಒಂದೇ. ಮಗಳಿಗೇನೂ ಆಗಲಿಲ್ಲ. ಆದರೆ ಅಂದಿನಿಂದ ಬಾಟಲಿಯ ಹಿಂಬದಿ ಓದದೆ ಒಂದು ಹನಿಯನ್ನೂ ಅವಳಿಗೆ ಕೊಟ್ಟಿಲ್ಲ.

ಬೇಡದ ಬಾಟಲಿ

ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ಶೀತವಾಗುವುದು ಸಾಮಾನ್ಯ. ಅಂಗನವಾಡಿಗೋ ಪ್ಲೇಹೋಮಿಗೋ ಸೇರಿದ ಮೊದಲ ವರ್ಷವಂತೂ ಮೂಗು ಒಣಗುವುದೇ ಅಪರೂಪ. ಹೆಚ್ಚಿನ ಶೀತ ವಾರ, ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಕೆಮ್ಮು ಎರಡು ಮೂರು ವಾರ ಉಳಿಯಬಹುದು. ಇದನ್ನು ಬೇಗ ವಾಸಿ ಮಾಡುವ ಸಿರಪ್ ಯಾವುದೂ ಇಲ್ಲ. ವೈರಸ್‌ಗೆ ಆ್ಯಂಟಿಬಯೋಟಿಕ್ ತಾಗುವುದೂ ಇಲ್ಲ.

ಹಾಗಾದರೆ ‘ಕೋಲ್ಡ್ ಸಿರಪ್’ನಲ್ಲಿ ಇರುವುದೇನು? ಸಾಮಾನ್ಯವಾಗಿ ಮೂರು: ಜ್ವರ ಇಳಿಸುವ ಪ್ಯಾರಾಸಿಟಮಾಲ್, ಮೂಗು ಬಿಡಿಸಲೆಂದು ಫಿನೈಲೆಫ್ರಿನ್, ಸೋರುವ ಮೂಗು ನಿಲ್ಲಿಸಲೆಂದು ಕ್ಲೋರ್‌ಫೆನಿರಮೈನ್. ಕೊನೆಯದು ನಿದ್ದೆ ಬರಿಸುತ್ತದೆ. ಮಗು ಮಲಗಿತು, ಅಂದರೆ ಗುಣವಾಯಿತು ಎಂದು ನಾವು ನೆಮ್ಮದಿ ಪಡುತ್ತೇವೆ. ಎಳೆಯ ಮಕ್ಕಳಲ್ಲಿ ಈ ಮಿಶ್ರಣದಿಂದ ಲಾಭವಿದೆ ಎನ್ನಲು ಗಟ್ಟಿ ಆಧಾರವಿಲ್ಲ. ಅತಿಯಾದ ಮಂಪರು, ಎದೆಬಡಿತ ಹೆಚ್ಚುವುದು, ಕೆಲವರಲ್ಲಿ ಚಡಪಡಿಕೆ, ಈ ಅಪಾಯಗಳಂತೂ ಇವೆ.

ಅದಕ್ಕೇ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್ ಮೇಲೆ ಮುದ್ರಿಸುವಂತೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಸೂಚಿಸಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಇನ್ನೂ ಸ್ಪಷ್ಟವಾಗಿ ಹೇಳಿತು: ಎರಡು ವರ್ಷದೊಳಗಿನವರಿಗೆ ಕೆಮ್ಮು-ಶೀತದ ಔಷಧ ಬರೆಯಲೂಬಾರದು, ಕೊಡಲೂಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ.

ಆ ಸೂಚನೆಯ ಹಿಂದೆ ಮಕ್ಕಳ ಸಾವುಗಳಿದ್ದವು. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ‘ಕೋಲ್ಡ್ರಿಫ್’ ಎಂಬ ಸಿರಪ್ ಕುಡಿದ ಮಕ್ಕಳ ಮೂತ್ರಪಿಂಡ ಕೈಕೊಟ್ಟು, 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಶೇ 48.6ರಷ್ಟಿತ್ತು. ಇರಬಹುದಾದ ಮಿತಿ ಶೇ 0.1. 2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿನ ಹಿನ್ನೆಲೆಯಲ್ಲೂ ಇದೇ ವಿಷದ ಮಾತು ಬಂದಿತ್ತು. ಸಿಹಿಯಾಗಿ, ತಿಳಿಯಾಗಿ ಕಾಣುವ ಆ ದ್ರವವನ್ನು ಯಾವ ತಾಯಿ ತಂದೆಯೂ ಕಣ್ಣಿಂದ ಗುರುತಿಸಲಾರರು. ಅದನ್ನು ತಡೆಯಬೇಕಾದವರು ತಯಾರಕರು ಮತ್ತು ಸರ್ಕಾರ. ನಮ್ಮ ಕೈಯಲ್ಲಿರುವುದು ಒಂದೇ: ಬೇಡದ ಬಾಟಲಿಯನ್ನು ಮನೆಗೆ ತಾರದಿರುವುದು.

ಬೇಕಾದ ಮದ್ದು, ತೂಕದ ಲೆಕ್ಕ

ಶೀತದ ಜೊತೆ ಜ್ವರ ಬಂದು ಮಗು ಸಂಕಟಪಡುತ್ತಿದ್ದರೆ ಪ್ಯಾರಾಸಿಟಮಾಲ್ ಉಪಯೋಗಕ್ಕೆ ಬರುತ್ತದೆ. ಆಡಿಕೊಂಡಿರುವ ಮಗುವಿಗೆ ಥರ್ಮಾಮೀಟರ್ ನೋಡಿ ಮದ್ದು ಹಾಕಬೇಕಿಲ್ಲ. ಪ್ರಮಾಣವನ್ನು ತೂಕದಿಂದ ಲೆಕ್ಕ ಹಾಕಬೇಕು: ಒಂದು ಸಲಕ್ಕೆ, ಪ್ರತಿ ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ. ಒಮ್ಮೆ ಕೊಟ್ಟ ಮೇಲೆ ನಾಲ್ಕರಿಂದ ಆರು ಗಂಟೆ ಕಾಯಬೇಕು. ದಿನಕ್ಕೆ ನಾಲ್ಕು ಸಲ ಮೀರಬಾರದು.

ಎಡವುವುದು ಇಲ್ಲೇ. ಈ ಮದ್ದು ನಮ್ಮಲ್ಲಿ ಬೇರೆ ಬೇರೆ ಸಾಂದ್ರತೆಯಲ್ಲಿ ಸಿಗುತ್ತದೆ. ಹನಿ ಹಾಕುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿಲಿಗ್ರಾಂ. ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 125, ‘ಡಿ.ಎಸ್.’ ಎಂದು ಬರೆದದ್ದರಲ್ಲಿ 250. ಹತ್ತು ಕೆ.ಜಿ.ಯ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿಲಿಗ್ರಾಂ ಸಾಕು. ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ., 125ರ ಸಿರಪ್ ಆದರೆ 6 ಮಿ.ಲೀ., ಡಿ.ಎಸ್. ಆದರೆ 3 ಮಿ.ಲೀ. ಸಿರಪ್‌ನ ಅಳತೆಯನ್ನು ನೆನಪಿಟ್ಟುಕೊಂಡು ಡ್ರಾಪ್ಸನ್ನು 6 ಮಿ.ಲೀ. ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು ನಾಲ್ಕು ಪಟ್ಟು ಮದ್ದು. ಹೀಗೆ ಪದೇ ಪದೇ ಹೆಚ್ಚಾದರೆ ಯಕೃತ್ತಿಗೆ ಪೆಟ್ಟು.

ಅಳೆಯುವುದಕ್ಕೆ ಅಡುಗೆಮನೆಯ ಚಮಚ, ಒಳಲೆ ಯಾವುದೂ ಬೇಡ. ಒಂದು ಮನೆಯ ಚಮಚದಂತೆ ಇನ್ನೊಂದು ಮನೆಯದಿರುವುದಿಲ್ಲ. ಬಾಟಲಿಯ ಜೊತೆ ಬಂದ ಗೆರೆಯಿರುವ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಸರಿಯಾದದ್ದು.

ಐಬುಪ್ರೊಫೆನ್, ಮೆಫನಮಿಕ್ ಆ್ಯಸಿಡ್ ಇರುವ ಜ್ವರದ ಸಿರಪ್‌ಗಳನ್ನು ಡಾಕ್ಟರ್ ಹೇಳದೆ ಕೊಡಬೇಡಿ. ಮಳೆಗಾಲದ ಜ್ವರ ಡೆಂಗಿಯಾಗಿದ್ದರೆ ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು 2011ರಲ್ಲೇ ನಿಷೇಧಿಸಲಾಗಿದೆ. ಆಸ್ಪಿರಿನ್ ಮಕ್ಕಳ ಜ್ವರಕ್ಕೆ ಸಲ್ಲದು.

ಮೂಗಿಗೆ ಉಪ್ಪುನೀರು, ಗಂಟಲಿಗೆ ಜೇನು

ಮೂಗು ಕಟ್ಟಿದ ಕೂಸು ಹಾಲು ಕುಡಿಯಲಾರದು. ಉಸಿರಿಗೋ ಹಾಲಿಗೋ ಎಂದು ಒದ್ದಾಡುತ್ತದೆ. ಅದಕ್ಕೆ ಸಲೈನ್ ಹನಿಗಳು ನಿಜವಾದ ಸಹಾಯ. ಹಾಲೂಡುವ ಮೊದಲು, ಮಲಗಿಸುವ ಮೊದಲು ಒಂದೆರಡು ಹನಿ ಹಾಕಿ, ಸಡಿಲಾದ ಸುಂಬಳವನ್ನು ಒರೆಸಿದರೆ ಸಾಕು. ಆದರೆ ಅದೇ ಆಕಾರದ ಪುಟ್ಟ ಬಾಟಲಿಯಲ್ಲಿ ಸೈಲೋಮೆಟಾಜೋಲಿನ್ ಹನಿಗಳೂ ಸಿಗುತ್ತವೆ. ದೊಡ್ಡವರದು ಶೇ 0.1, ಮಕ್ಕಳದು ಶೇ 0.05. ಅವನ್ನು ಡಾಕ್ಟರ್ ಹೇಳಿದರೆ ಮಾತ್ರ, ಅದೂ ಕೆಲವೇ ದಿನ ಹಾಕಬೇಕು. ಹೆಚ್ಚು ದಿನ ಹಾಕಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ.

ಕೆಮ್ಮಿಗೆ ಅಜ್ಜಿಯ ಜೇನು ಪರೀಕ್ಷೆಯಲ್ಲೂ ಗೆದ್ದಿದೆ. ಒಂದು ವರ್ಷ ದಾಟಿದ ಮಕ್ಕಳಿಗೆ ಮಲಗುವ ಮುನ್ನ ಅರ್ಧ ಚಮಚ ಕೊಟ್ಟರೆ ರಾತ್ರಿಯ ಕೆಮ್ಮು ತಗ್ಗುತ್ತದೆ. ವರ್ಷದೊಳಗಿನ ಕೂಸಿಗೆ ಮಾತ್ರ ನಾಲಿಗೆಗೆ ಹಚ್ಚುವಷ್ಟೂ ಬೇಡ. ಜೇನಿನಲ್ಲಿರಬಹುದಾದ ಬಾಟುಲಿಸಂ ಬೀಜಾಣುಗಳನ್ನು ಆ ಎಳೆಯ ಕರುಳು ತಡೆಯಲಾರದು.

ಅಜ್ಜಿಯರ ಎಲ್ಲ ಮದ್ದಿಗೂ ಇದೇ ಮಾತು ಹೇಳಲಾರೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎದೆಗೆ ಸವರುವುದು ನಮ್ಮ ಎಷ್ಟೋ ಮನೆಗಳ ರೂಢಿ. ಕರ್ಪೂರ ಹೊಟ್ಟೆಗೆ ಹೋದರೆ ಎಳೆಯ ಮಕ್ಕಳಿಗೆ ಫಿಟ್ಸ್ ಬರಬಹುದು. ಚರ್ಮದಿಂದಲೂ ಅದು ಒಳಗಿಳಿಯುತ್ತದೆ. ಕರ್ಪೂರವಿರುವ ಬಾಮ್ ಎರಡು ವರ್ಷದೊಳಗೆ ಬೇಡ, ಮೂಗಿನೊಳಗೆ ಯಾರಿಗೂ ಬೇಡ. ಸ್ನಾನದ ನಂತರದ ಸಾಂಬ್ರಾಣಿ ಹೊಗೆ ಮೊದಲೇ ಕೆರಳಿದ ಉಸಿರುನಾಳವನ್ನು ಇನ್ನಷ್ಟು ಕೆರಳಿಸುತ್ತದೆ. ಕುದಿಯುವ ನೀರಿನ ಪಾತ್ರೆಯ ಮುಂದೆ ಕೂರಿಸಿ ಹಬೆ ಕೊಡಲು ಹೋಗಿ ಮಕ್ಕಳು ಸುಟ್ಟುಕೊಂಡ ಸಂಗತಿಗಳು ಕಡಿಮೆಯಲ್ಲ. ಬಿಸಿ ಸಾರು, ಮೆತ್ತಗಿನ ಅನ್ನ, ಪದೇ ಪದೇ ಗುಟುಕು ನೀರು, ಕೂಸಿಗೆ ಎದೆಹಾಲು: ಇವುಗಳಿಂದ ಯಾರಿಗೂ ಕೇಡಿಲ್ಲ.

ಅಂಗಡಿಗೆ ಬೇಡ, ಆಸ್ಪತ್ರೆಗೆ

ಮಗು ಶಾಂತವಾಗಿದ್ದಾಗ ಅಂಗಿ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚು ಉಸಿರು ಬಂದರೆ ನೆಗಡಿಯೆಂದು ಸುಮ್ಮನಿರಬೇಡಿ. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುವುದು, ಹಾಲು ನೀರು ಬಿಟ್ಟಿರುವುದು, ತುಟಿ ನೀಲಿಗಟ್ಟುವುದು, ಎಬ್ಬಿಸಿದರೂ ಏಳದ ಮಂಪರು, ಮೂತ್ರ ಕಡಿಮೆಯಾಗುವುದು, ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ: ಯಾವುದೊಂದು ಕಂಡರೂ ರಾತ್ರಿಯೆನ್ನದೆ ಹೊರಡಿ. ಕೊಟ್ಟಿರುವ ಔಷಧದ ಬಾಟಲಿಗಳೂ ಜೊತೆಯಲ್ಲಿರಲಿ.

ಉಳಿದ ದಿನಗಳಿಗೆ ಒಂದು ಸಣ್ಣ ಅಭ್ಯಾಸ ಸಾಕು. ಅಂಗನವಾಡಿಯಲ್ಲಿ ಪ್ರತಿ ತಿಂಗಳೂ ತೂಕ ನೋಡುತ್ತಾರೆ. ಲಸಿಕೆ ಹಾಕಿಸಲು ಹೋದಾಗಲೂ ನೋಡುತ್ತಾರೆ. ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ. ಮುಂದಿನ ಸಲ ಕೌಂಟರಿನ ಮುಂದೆ ನಿಂತಾಗ ‘ಒಳ್ಳೇ ಸಿರಪ್ ಕೊಡಿ’ ಎನ್ನುವ ಬದಲು, ‘ನನ್ನ ಮಗು ಹತ್ತು ಕೆ.ಜಿ. ಇದೆ, ಬರೀ ಪ್ಯಾರಾಸಿಟಮಾಲ್ ಇರುವುದು ಕೊಡಿ, ಐದು ಮಿ.ಲೀ.ಗೆ ಎಷ್ಟಿದೆ ಹೇಳಿ’ ಎನ್ನಿ. ನನ್ನ ಮಗಳ ತೂಕವನ್ನು ನಾನು ಇಂದಿಗೂ ಹಾಗೆಯೇ ಬರೆದಿಡುತ್ತೇನೆ. ಅಂದು ಡಾಕ್ಟರು ಬೆರಳಿಟ್ಟು ತೋರಿಸಿದ ಆ ಸಣ್ಣಕ್ಷರದ ಸಾಲನ್ನು ಈಗ ಅವಳೇ ನನಗೆ ಓದಿ ಹೇಳುತ್ತಾಳೆ.